ಕೋಡಿ ಬಿದ್ದ ರಾತ್ರಿ

2019ರ ಆಗಸ್ಟ್. ಆಶ್ಲೇಷ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ವರದೆ ದಂಡೆ ಮೀರಿ ಬನವಾಸಿ ಸುತ್ತಲಿನ ಗದ್ದೆಗಳನ್ನು ನುಂಗಿದ್ದಳು. ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ತುಂಗೆ ನುಗ್ಗಿದ ಸುದ್ದಿ ಬಂದಿತ್ತು. ಕುಬಟೂರಿನಲ್ಲಿ ಕರೆಂಟು ಹೋಗಿ, ಮುಸ್ಸಂಜೆಗೇ ಕಗ್ಗತ್ತಲೆ. ಆಗ ಫೋನು ಬಂತು.

"ಅಣ್ಣಾ, ಅಕ್ಕಂಗೆ ಹಾವು ಕಡಿದೈತಿ. ಮಂಡಲದ ಹಾವು, ನಾನೇ ಕಂಡೇನಿ. 108 ಟಾರ್ ರಸ್ತೆ ಮ್ಯಾಲ ನಿಂತೈತಿ, ಕೋಡಿ ದಾಟಾಕ ಆಗವಲ್ದು. ಜೀಪು ಬರ್ತೈತೇನು?"

ಊರಿನ ಹೆಸರು ಬೇಡ. ಆನವಟ್ಟಿಯಿಂದ ವರದೆಯ ಕಡೆಗೆ, ಕೆರೆಯ ಆಚೆ, ಒಂದು ಕಾನಿನ ಅಂಚಿನಲ್ಲಿ ಏಳೆಂಟು ಮನೆ. ಕೊಟ್ಟಿಗೆಗೆ ನೀರು ನುಗ್ಗಿದಾಗ ಆ ಅಕ್ಕ ದನ ಬಿಚ್ಚಲು ಹೋಗಿದ್ದಾಳೆ. ನೆರೆ ಬಂದರೆ ಹಾವಿಗೂ ಒಣ ಜಾಗವೇ ಬೇಕು. ಅದು ಹುಲ್ಲಿನ ಅಡಿ ಸೇರಿತ್ತು. ಕಣಕಾಲಿಗೆ ಕಡಿದಿದೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ, ಆಮೇಲೆ ಮೂತ್ರಪಿಂಡಕ್ಕೆ ಕೈಹಾಕುತ್ತದೆ. ಮದ್ದು ಒಂದೇ, ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಏರಿಸುವ ವಿಷನಿರೋಧಕ. ತಡವಾದ ಪ್ರತಿ ಗಳಿಗೆಯೂ ವಿಷದ ಪಾಲಿಗೆ ಹೋಗುತ್ತದೆ.

ಶೆಡ್ಡಿನ ತಟ್ಟಿ ಸರಿಸಿದೆ. ಹೀಟರ್ ಸ್ವಿಚ್ ಹಿಡಿದು, ಎಣಿಸಿ, ಸ್ಟಾರ್ಟ್ ಮಾಡಿದೆ. ಮೊದಲ ಸುತ್ತಿಗೇ ಹೊಗೆ ಉಗುಳಿ ಎಂಜಿನ್ ಗುಡುಗಿತು. ಹೊರಟೆ.

ನಮ್ಮದು ಮಹೀಂದ್ರ ಎಂಎಂ 540. 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತಲ್ಲ, ಅದೇ ವಂಶದ ಗಿಡ್ಡ ಜೀಪು. ಪ್ಯೂಜೊ ಮೂಲದ 2,112 ಸಿಸಿ ಡೀಸೆಲ್ ಎಂಜಿನ್, 62 ಅಶ್ವಶಕ್ತಿ. ಇವತ್ತಿನ ಎಷ್ಟೋ ಸಣ್ಣ ಕಾರುಗಳಿಗೂ ಅದಕ್ಕಿಂತ ಹೆಚ್ಚು ಬಲವಿದೆ. ಆದರೆ ಇದರ ಡೀಸೆಲ್ ಪಂಪು ಬೆಂಗಳೂರಿನ ಮೈಕೋದ್ದು, ಪೂರ್ತಿ ಯಾಂತ್ರಿಕ. ಒಮ್ಮೆ ಹೊತ್ತಿಕೊಂಡರೆ ಎಂಜಿನ್ನಿಗೆ ಕರೆಂಟಿನ ಹಂಗಿಲ್ಲ. ಸ್ಪಾರ್ಕ್ ಪ್ಲಗ್ ಇಲ್ಲ, ಸೆನ್ಸರ್ ಇಲ್ಲ. ನಿಲ್ಲಿಸಬೇಕಾದರೆ ಡ್ಯಾಶ್‌ಬೋರ್ಡಿನ ಕೆಳಗಿನ ತಂತಿ ಎಳೆಯಬೇಕು. ಗಾಳಿ ಸಿಗುವ ತನಕ, ಡೀಸೆಲ್ ಸಿಗುವ ತನಕ ಅದು ಓಡುತ್ತದೆ. ಆ ರಾತ್ರಿ ಜೀವ ನಿಂತದ್ದು ಈ ಒಂದು ಸಂಗತಿಯ ಮೇಲೆ.

ಆನವಟ್ಟಿಯಲ್ಲಿ ಮೇಸ್ತ್ರಿ ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದರು. ಹೆಗಲಿಗೆ ಹಗ್ಗದ ಸುರುಳಿ, ಕೈಯಲ್ಲಿ ಪಾನಾ ಚೀಲ, ತಲೆಗೆ ಕಂಬಳಿ ಕೊಪ್ಪೆ.

"ಹಬ್ ಲಾಕ್ ಹಾಕೀಯೇನೋ ತಮ್ಮಾ?"

"ಹಾಕೀನಿ ಮೇಸ್ತ್ರಿ."

ಆದರೂ ಅವರು ಬಗ್ಗಿ ಎರಡೂ ಮುಂಚಕ್ರಗಳ ಹಬ್ಬನ್ನು ಕೈಯಾರೆ ಒತ್ತಿ ನೋಡಿಯೇ ಹತ್ತಿದರು. ಹಬ್ಬು ಲಾಕ್ ಆಗದಿದ್ದರೆ ಒಳಗೆ ಲಿವರ್ ಎಳೆದು ಫೋರ್ ವೀಲ್ ಹಾಕಿದರೂ ಮುಂಚಕ್ರಕ್ಕೆ ಬಲ ತಲುಪುವುದಿಲ್ಲ. ಅದು ಗೊತ್ತಾಗುವುದು ಹುದುಲಲ್ಲಿ ಹೂತ ಮೇಲೆ. ಆಗ ಮೊಣಕಾಲುದ್ದ ಕೆಸರಿನಲ್ಲಿ ಕೈಯಿಟ್ಟು ಹಬ್ ಹುಡುಕಬೇಕು.

ಈ ಮೇಸ್ತ್ರಿ ಎಳವೆಯಲ್ಲಿ ಕೆಲಸ ಕಲಿತದ್ದು ಕೊಡಚಾದ್ರಿ ಹತ್ತುವ ಜೀಪುಗಳ ಮೇಲೆ. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಹತ್ತುವ ಹಾದಿ ಕಂಡವರಿಗೆ ಗೊತ್ತು. ಅದು ರಸ್ತೆಯಲ್ಲ, ಮಳೆ ಕೊರೆದ ಕಲ್ಲಿನ ಚರಂಡಿ. ಆ ಜೀಪುಗಳಲ್ಲಿ ಹೊಳೆಯುವ ಸಾಮಾನು ಯಾವುದೂ ಇಲ್ಲ. ಗಟ್ಟಿ ಕಮಾನ್ ಪಟ್ಟಿ, ಹೊಸ ಕ್ಲಚ್ ಪ್ಲೇಟು, ನಂಬುವಂಥ ಬ್ರೇಕು. ಹತ್ತುವುದೂ ಫಸ್ಟ್ ಲೋದಲ್ಲಿ, ಇಳಿಯುವುದೂ ಫಸ್ಟ್ ಲೋದಲ್ಲಿ. ಆ ಚಾಲಕರು ದಿನಾ ಮಾಡುವ ಕೆಲಸ ಯಾವ ಸಾಹಸ ಕ್ರೀಡೆಗೂ ಕಡಿಮೆಯದಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಮೇಸ್ತ್ರಿ ಅಲ್ಲಿಂದ ತಂದದ್ದು ಒಂದೇ ಪಾಠ: ಗಾಡಿಗೆ ಏನು ಸೇರಿಸಬೇಕು ಅನ್ನುವುದಕ್ಕಿಂತ ಮೊದಲು, ಇರುವುದರಲ್ಲಿ ಯಾವುದು ಸಡಿಲವಾಗಿದೆ ನೋಡು.

ಟಾರ್ ರಸ್ತೆಯ ಮೇಲೆ 108ರ ಕೆಂಪು ದೀಪ ತಿರುಗುತ್ತಿತ್ತು. ಅದರ ಹುಡುಗರು ಕೈ ಬೀಸಿದರು. ಅಲ್ಲಿಂದ ಕೆರೆ ಏರಿಯ ಕೆಳಗೆ ಮಣ್ಣಿನ ಹಾದಿ. ಹಾದಿಗೆ ಅಡ್ಡ ಕೋಡಿ. ಮೇಸ್ತ್ರಿ ಇಳಿದು, ಗಳ ಊರಿಕೊಂಡು, ಪೂರ್ತಿ ಆ ಕಡೆ ನಡೆದು, ತಿರುಗಿ ಬಂದರು. ಮೊಣಕಾಲು ಮುಟ್ಟುವಷ್ಟು ನೀರು, ತಳ ಗಟ್ಟಿ ಜಂಬಿಟ್ಟಿಗೆ. "ಹೊಡಿ. ನಿಲ್ಲಬ್ಯಾಡ, ಓಡಿಸಲೂಬ್ಯಾಡ."

ಫಸ್ಟ್ ಲೋ. ಬಂಪರಿನ ಮುಂದೆ ಒಂದು ಅಲೆ ಎದ್ದು ನಮ್ಮ ಜೊತೆಗೇ ಸಾಗಿತು. ಆ ಅಲೆಯನ್ನು ದಾಟಿ ಹೋಗಬಾರದು, ಅದಕ್ಕಿಂತ ಹಿಂದೆ ಬೀಳಲೂಬಾರದು. ಅದರ ಬೆನ್ನಿಗೆ ನೀರು ತುಸು ತಗ್ಗಿರುತ್ತದೆ, ಎಂಜಿನ್ ಆ ತಗ್ಗಿನಲ್ಲಿ ಸಾಗುತ್ತದೆ. ಎಡಗಡೆಯಿಂದ ಕೋಡಿಯ ನೀರು ಚಕ್ರಕ್ಕೆ ಗುದ್ದುತ್ತಿತ್ತು. ಜೀಪು ಒಂದು ಗೇಣು ಬಲಕ್ಕೆ ಸರಿಯಿತು, ಇನ್ನೊಂದು ಗೇಣು ಸರಿಯಿತು, ಆಮೇಲೆ ಮುಂಚಕ್ರ ದಿಣ್ಣೆಗೆ ಕಚ್ಚಿತು. ದಾಟಿದೆವು.

ಮನೆಯಂಗಳದಲ್ಲಿ ಎಲ್ಲರೂ ಲಾಟೀನು ಹಿಡಿದು ನಿಂತಿದ್ದರು. ಅಕ್ಕ ಜಗಲಿಯ ಮೇಲೆ ಮಲಗಿದ್ದಳು. ಕಾಲು ಮಂಡಿಯ ತನಕ ಊದಿತ್ತು, ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಆಶಾ ಕಾರ್ಯಕರ್ತೆ ಫೋನಿನಲ್ಲೇ ಹೇಳಿದ್ದಳಂತೆ: ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಆ ಹೆಣ್ಣುಮಗಳಿಗೆ ನೂರು ನಮಸ್ಕಾರ. ಅಡಿಕೆ ದಬ್ಬೆ ಎರಡು ಇಟ್ಟು, ಹಳೆ ಸೀರೆ ಸುತ್ತಿ ಕಾಲು ಅಲುಗದಂತೆ ಮಾಡಿದ್ದರು. ಹಿಂದಿನ ಎರಡು ಬೆಂಚುಗಳ ಮೇಲೆ ಬಾಗಿಲ ಹಲಗೆ ಹಾಕಿ, ಅದರ ತುದಿ ಮುಂದಿನ ಎಡ ಸೀಟಿನವರೆಗೆ ಬರುವಂತೆ ಕಟ್ಟಿ, ಅವಳನ್ನು ಎಡ ಮಗ್ಗುಲಾಗಿ ಮಲಗಿಸಿದೆವು. ಗಂಡ ತಲೆಯ ಬಳಿ, ತಮ್ಮ ಕಾಲಿನ ಬಳಿ.

"ಅಕ್ಕಾ, ಮಾತಾಡ್ತಾ ಇರು," ಎಂದೆ.

"ಎಮ್ಮಿ ಬಿಚ್ಚಿದ್ರೇನು?" ಎಂದಳು. ಅಷ್ಟೇ ಅವಳ ಮಾತು.

ವಾಪಸು ಬಂದು ನೋಡಿದರೆ ಕೋಡಿ ಬೇರೆಯೇ ಆಗಿತ್ತು. ಮೇಲಿನ ಯಾವುದೋ ಕೆರೆ ತುಂಬಿ ಇದಕ್ಕೆ ಇಳಿದಿರಬೇಕು. ಹೋಗುವಾಗ ಮೊಣಕಾಲಿಗಿದ್ದ ನೀರು ತೊಡೆಗೆ ಬಂದಿತ್ತು. ಮೇಸ್ತ್ರಿ ನಾಲ್ಕು ಹೆಜ್ಜೆ ಇಟ್ಟರು, ಗಳ ಕೈಯಿಂದ ಕಿತ್ತು ಹೋಯಿತು, ನಾವು ಹಗ್ಗ ಹಿಡಿದು ಅವರನ್ನು ಎಳೆದುಕೊಂಡೆವು. ಆಚೆ ದಡದಲ್ಲಿ 108ರ ದೀಪ ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ.

"ಹೊಡಿ ಅಣ್ಣಾ, ಪೈಪು ಮ್ಯಾಲ ಐತಲ್ಲ!" ಎಂದು ತಮ್ಮ ಅಳುತ್ತ ಕೂಗಿದ.

ಪೈಪು ಎಂದರೆ ಸ್ನಾರ್ಕೆಲ್. ಎಂಜಿನ್ನಿಗೆ ಗಾಳಿ ಎಳೆಯುವ ಬಾಯಿಯನ್ನು ಬಾನೆಟ್ಟಿನ ಒಳಗಿನಿಂದ ತೆಗೆದು ಮುಂಗಾಜಿನ ಪಕ್ಕದಲ್ಲಿ ಟಾಪಿನ ಎತ್ತರಕ್ಕೆ ಏರಿಸಿದ್ದೆವು. ಅದು ಎಂಜಿನ್ನಿಗೆ ಉಸಿರು ಕೊಡುತ್ತದೆ, ಜೀಪಿಗೆ ತೂಕ ಕೊಡುವುದಿಲ್ಲ. ಎರಡು ಅಡಿ ರಭಸದ ನೀರು ಸಾಕು, ದೊಡ್ಡ ಗಾಡಿಯನ್ನೂ ಎತ್ತಿ ಪಕ್ಕಕ್ಕೆ ಇಡುತ್ತದೆ. ಪ್ರತಿ ಮಳೆಗಾಲದಲ್ಲೂ ಯಾವುದಾದರೂ ಸೇತುವೆಯ ಮೇಲೆ ಯಾರಾದರೂ ಇದನ್ನು ಪ್ರಾಣ ಕೊಟ್ಟು ಕಲಿಯುತ್ತಾರೆ. ಪೈಪು ನೋಡಿ ಹರಿಯುವ ನೀರಿಗೆ ಇಳಿಯುವವನು ತನ್ನನ್ನೂ ಹಿಂದೆ ಕೂತವರನ್ನೂ ಕೊಲ್ಲುತ್ತಾನೆ. ಜೀಪು ತಿರುಗಿಸಿದೆ.

ಉಳಿದದ್ದು ಒಂದೇ ಹಾದಿ. ಸೊಪ್ಪಿನ ಬೆಟ್ಟದ ಮೈಗೆ ಅಡ್ಡ ಹಾದು, ಕಾನಿನ ಅಂಚು ಹಿಡಿದು, ಕೆರೆಯ ಹಿನ್ನೀರಿನ ಕಡೆಯಿಂದ ಟಾರ್ ರಸ್ತೆಗೆ ಬೀಳುವ ಗಾಡಿ ಹಾದಿ. ಬೇಸಿಗೆಯಲ್ಲಿ ಎತ್ತಿನ ಗಾಡಿ ಓಡಾಡುತ್ತದೆ. ಮಳೆಗಾಲದಲ್ಲಿ ಯಾರೂ ಹೋಗುವುದಿಲ್ಲ.

ಬೆಟ್ಟದ ಬುಡದಲ್ಲಿ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ಇಳಿಸಿದೆವು, ಸುಮಾರು ಅರ್ಧಕ್ಕೆ. ಕಡ್ಡಿ ಒತ್ತಿ, ಮನಸ್ಸಿನಲ್ಲೇ ಎಣಿಸಿ, ಬಿಟ್ಟೆವು. ಟೈರು ಚಪ್ಪಟೆಯಾದಷ್ಟೂ ನೆಲ ಹಿಡಿಯುವ ಮೈ ಹೆಚ್ಚು. ನಮ್ಮ ಟೈರು ಹಳೆಯ 6.00-16, ಅಗಲ ಕಡಿಮೆ. ಅಗಲದ ಟೈರು ಹಾಕಿಸು ಎಂದು ಎಷ್ಟೋ ಮಂದಿ ಹೇಳಿದ್ದರು. ಮರಳಿಗೆ ಅದು ಸರಿ. ನಮ್ಮ ಕಡೆ ಮೇಲೆ ಒಂದಡಿ ಕೆಸರು, ಕೆಳಗೆ ಕಲ್ಲಿನಂಥ ಗಟ್ಟಿ ನೆಲ. ಅಗಲದ ಟೈರು ಕೆಸರಿನ ಮೇಲೆ ತೇಲಿ ಜಾರುತ್ತದೆ. ಸಣ್ಣ ಟೈರು ಸೀಳಿಕೊಂಡು ಇಳಿದು ಗಟ್ಟಿಯನ್ನು ಕಚ್ಚುತ್ತದೆ.

ಆದರೆ ಬೆಟ್ಟದ ಮೈಯಲ್ಲಿ ಕಚ್ಚಲು ಗಟ್ಟಿಯೇ ಇರಲಿಲ್ಲ. ಕೆಮ್ಮಣ್ಣು ಟೈರಿನ ಹಲ್ಲುಗಳ ನಡುವೆ ಹೂರಣದಂತೆ ತುಂಬಿಕೊಂಡಿತು. ಜೀಪು ಮುಂದಕ್ಕೆ ಒಂದು ಮಾರು ಹೋದರೆ ಕೆಳಕ್ಕೆ ಒಂದು ಮೊಳ ಜಾರುತ್ತಿತ್ತು. ಕೆಳಗೆ ಆಳಿನುದ್ದದ ಅಗಳು, ಅದರಲ್ಲಿ ನೀರು ಮೊರೆಯುತ್ತಿತ್ತು. ಹಿಂಭಾಗ ಅಗಳಿನ ಕಡೆ ಹೊರಳಿತು. ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು.

"ಬ್ರೇಕ್ ಮುಟ್ಟಬ್ಯಾಡ! ಸ್ಟೇರಿಂಗ್ ಕೆಳಕ್ಕೆ ತಿರುವು, ಕೆಳಕ್ಕೆ!"

ಜಾರುವ ಕಡೆಗೇ ಮೂತಿ ತಿರುಗಿಸುವುದು. ಕೈ ಒಪ್ಪುವುದಿಲ್ಲ, ಆದರೂ ತಿರುಗಿಸಬೇಕು. ತಿರುಗಿಸಿದೆ. ಮುಂಚಕ್ರ ಉರುಳಿತು, ಹಿಡಿತ ಸಿಕ್ಕಿತು, ಅಗಳಿನ ಅಂಚಿಗೆ ಎರಡು ಮೊಳವಿರುವಾಗ ಮತ್ತೆ ಮೇಲಕ್ಕೆ ಎಳೆದುಕೊಂಡೆ. ಬೇಸಿಗೆಯಲ್ಲಿ ಸ್ಟೇರಿಂಗಿನ ಬಾಲ್ ಜಾಯಿಂಟುಗಳನ್ನೆಲ್ಲ ಬದಲಿಸಿದ್ದೆವು. ಆ ಕೆಲಸ ಹೊರಗಿನಿಂದ ಕಾಣುವುದಿಲ್ಲ, ಯಾರೂ ಬಂದು ಹೊಗಳುವುದಿಲ್ಲ. ಹಳೆಯ ಜಾಯಿಂಟಿನ ಸಡಿಲ ಉಳಿದಿದ್ದರೆ ಆ ತಿರುವು ಅರೆಕ್ಷಣ ತಡವಾಗಿ ಚಕ್ರ ತಲುಪುತ್ತಿತ್ತು, ನಾವು ಅಗಳಿನಲ್ಲಿರುತ್ತಿದ್ದೆವು.

ಕಮಾನ್ ಪಟ್ಟಿಯ ಪಿನ್ನುಗಳನ್ನು ಮೇಸ್ತ್ರಿ ತಾವೇ ಲೇಥಿನಲ್ಲಿ ತಿರುಗಿಸಿ ಕೊಟ್ಟಿದ್ದರು. ಅವರಿಗೆ ಲೇಥ್ ಕೆಲಸದ ಮೇಲೆ ಭಕ್ತಿ. ಬಿಡುವಿದ್ದಾಗ ಕುಬಟೂರಿಗೆ ಬಂದರೆ ಕೈಟಭೇಶ್ವರನ ಗುಡಿಗೆ ಹೋಗಿ, ಸುಮಾರು 1100ರ ಕಾಲದ ಆ ಕಂಬಗಳ ಉರುಟಿನ ಮೇಲೆ ಅಂಗೈ ಸವರುತ್ತಾರೆ. ಕಲ್ಲನ್ನು ತಿರುಗಿಸಿ ಕಡೆದ ಕಂಬ, ಎಲ್ಲೂ ಕೈಗೆ ಏರುಪೇರು ತಾಗುವುದಿಲ್ಲ. ಅಂಥ ಕೆಲಸ ಮಾಡಿದವರ ಊರಿನಲ್ಲಿದ್ದು ಸಡಿಲ ಪಿನ್ ಹಾಕುವುದು ಪಾಪ ಎನ್ನುತ್ತಾರೆ. ನಾನು ಅದನ್ನು ನಂಬುತ್ತೇನೆ.

ಜೀಪನ್ನು ಎತ್ತರಿಸುವ ಹುಚ್ಚನ್ನೂ ಅವರೇ ತಡೆದದ್ದು. ಶ್ಯಾಕಲ್ ಉದ್ದ ಮಾಡಿದರೆ ಜೀಪು ಎತ್ತರ ಕಾಣುತ್ತದೆ ನಿಜ. ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಕ್ರಾಸ್ ಮುರಿಯುತ್ತದೆ, ಇಳಿಜಾರಿನಲ್ಲಿ ಮಗುಚುವ ಗುಣ ಹೆಚ್ಚುತ್ತದೆ. ಕಾನೂನೂ ಇದೆ. ಕಂಪನಿಯ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಬಿಗಿಯಾಗಿ ಹೇಳಿತ್ತು. ಹದಿನೈದು ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಸಾಗರದ ಆರ್‌ಟಿಒ ಮುಂದೆ ನಿಲ್ಲಲೇಬೇಕು. ನಮ್ಮ ಜೀಪಿನ ಛಾಸಿಗೆ ಗ್ಯಾಸ್ ಕಟ್ಟರ್ ತಾಗಿಲ್ಲ. ಸೇರಿಸಿದ್ದೆಲ್ಲ ಬೋಲ್ಟು ಬಿಚ್ಚಿದರೆ ಕಳಚುವಂಥದ್ದು.

ಕಾನಿನ ಅಂಚಿಗೆ ಬಂದೆವು. ಸೊರಬದ ಕಾನುಗಳ ಬಗ್ಗೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಅಧಿಕಾರಿಗಳು ವರದಿ ಬರೆದಿದ್ದಾರೆ. ಆ ದಟ್ಟ ಹಸಿರಿನ ಕಾಡು ಮಳೆ ನೀರನ್ನು ಕುಡಿದು ಬೇಸಿಗೆಯ ತನಕ ಜಿನುಗಿಸುತ್ತದೆ. ಅದರ ಅಂಚಿನ ನೆಲ ಸದಾ ಒದ್ದೆ. ಮೋಜಿಗಾಗಿ ಕಾನಿಗೆ, ಜೌಗಿಗೆ ಜೀಪು ನುಗ್ಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಸಲ ಬಿದ್ದ ಚಕ್ರದ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ. ಅಂದು ಜೀವ ಉಳಿಸಲು ಬೇರೆ ಹಾದಿಯಿರಲಿಲ್ಲ.

ಆ ನೆಲ ನಮ್ಮನ್ನು ನುಂಗಿತು. ಹಿಂದಿನ ಬಲಚಕ್ರ ಅಚ್ಚಿನ ತನಕ ಇಳಿಯಿತು. ಹಿಂದೆ ಒಂದು ಚಕ್ರ ಸುಮ್ಮನೆ ಗಿರಗಿರ, ಎದುರಿನದು ಅಲುಗಲಿಲ್ಲ. ಮಾಮೂಲಿ ಹೌಸಿಂಗಿನ ಗುಣ ಅದು. ಹಿಡಿತ ತಪ್ಪಿದ ಚಕ್ರಕ್ಕೇ ತಿರುಗುವ ಓಟವೆಲ್ಲ ಹೋಗುತ್ತದೆ. ಮತ್ತೆ ಆಕ್ಸಿಲರೇಟರ್ ಒತ್ತಿದರೆ ಗುಂಡಿ ಆಳವಾಗುತ್ತದೆ ಅಷ್ಟೇ. ಕಾಲು ತೆಗೆದೆ.

ಅಕ್ಕ ನರಳಿದಳು. ಗಂಡ ಟಾರ್ಚು ಹಿಡಿದು ಅವಳ ಮುಖ ನೋಡಿದ. ವಸಡಿನ ರಕ್ತ ನಿಂತಿರಲಿಲ್ಲ.

ಮೇಸ್ತ್ರಿ ಆಗಲೇ ಮುಂದೆ ಓಡಿದ್ದರು. ಒಂದು ಮತ್ತಿ ಮರದ ಬುಡಕ್ಕೆ ಗೋಣಿ ಚೀಲ ಸುತ್ತಿ, ಅದರ ಮೇಲೆ ಅಗಲ ಪಟ್ಟಿ ಬಿಗಿದರು. ಗೋಣಿ ಇಲ್ಲದಿದ್ದರೆ ಪಟ್ಟಿ ತೊಗಟೆ ಸುಲಿಯುತ್ತದೆ, ಮರ ಒಣಗುತ್ತದೆ. ಎಲ್ಲ ಕಟ್ಟಿದ್ದು ಬುಡಕ್ಕೇ. ಮೇಲೆ ಕಟ್ಟಿದರೆ ಮರವೇ ಬುಡಮೇಲಾದೀತು. ಪಟ್ಟಿಗೆ ಸನ್ನೆಗೋಲಿನಿಂದ ಎಳೆಯುವ ತಂತಿ ಹಗ್ಗದ ಪುಲ್ಲಿ, ಪುಲ್ಲಿಯಿಂದ ಜೀಪಿನ ಮುಂಕೊಕ್ಕೆಗೆ. ತಂತಿಯ ನಡುವೆ ನೆನೆದ ಕಂಬಳಿ ಹೊದಿಸಿದರು. ಬಿಗಿದ ತಂತಿ ಹರಿದರೆ ಚಾಟಿಯಾಗಿ ಬಂದು ಕಾಲು ಕತ್ತರಿಸುತ್ತದೆ. ಕಂಬಳಿಯ ಭಾರ ಅದನ್ನು ನೆಲಕ್ಕೆ ಕೆಡಹುತ್ತದೆ. ತಮ್ಮ ಕೈಯಲ್ಲೇ ಕೆಸರು ತೋಡಿ ಚಕ್ರದ ಮುಂದೆ ಸೊಪ್ಪು, ಸೋಗೆ, ಕಲ್ಲು ತುರುಕಿದ. ಗಂಡ ಹೆಂಡತಿಯ ತಲೆ ಬಿಟ್ಟು ಬರಲಿಲ್ಲ. ಅದೇ ಸರಿ.

ಸನ್ನೆಗೋಲು ಒಂದು ಸಲ ಎಳೆದರೆ ಜೀಪು ಎರಡು ಬೆರಳು ಮುಂದೆ ಬರುತ್ತದೆ. ಎಳೆದರು. ಮತ್ತೆ ಎಳೆದರು. ತಂತಿ ಕುಯ್ಯೆಂದಿತು. ನಾನು ಫಸ್ಟ್ ಲೋದಲ್ಲಿ ಎಂಜಿನ್ನಿನ ನಿಧಾನ ಓಟದಲ್ಲೇ ಕ್ಲಚ್ ಬಿಟ್ಟು ಕೂತೆ. ಲೋ ಗೇರಿನಲ್ಲಿ ಚಕ್ರದ ಬಲ ಸುಮಾರು ಎರಡೂವರೆ ಪಟ್ಟು, ಆಕ್ಸಿಲರೇಟರ್ ಬೇಕಿಲ್ಲ. ಎರಡು ಬೆರಳು, ಎರಡು ಬೆರಳು, ಒಂದು ಗೇಣು. ಹುದುಲು ಪಚಕ್ಕೆಂದು ಚಕ್ರ ಬಿಟ್ಟಿತು. ಜೀಪು ಸೊಪ್ಪಿನ ಮೇಲೆ ಹತ್ತಿತು, ನಿಲ್ಲದೆ ಹತ್ತಿತು.

ಈಗ ಹಿನ್ನೀರು.

ಟಾರ್ಚಿನ ಬೆಳಕಿಗೆ ತುದಿ ಕಾಣಲಿಲ್ಲ. ಗದ್ದೆಗಳೆಲ್ಲ ಮುಳುಗಿ ಒಂದೇ ಸಮ. ಗಾಡಿ ಹಾದಿ ಎಲ್ಲಿದೆ ಎಂದು ಹೇಳುವುದು ಬೇಲಿಯ ಗೂಟಗಳ ಸಾಲು ಮಾತ್ರ. ತಮ್ಮ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹುಟ್ಟಿದಾಗಿನಿಂದ ಅದೇ ಹಾದಿಯಲ್ಲಿ ಓಡಾಡಿದವನು. ನೀರು ಸೊಂಟ ಮುಟ್ಟಿತು, ಅದಕ್ಕಿಂತ ಮೇಲೆ ಬರಲಿಲ್ಲ. ಕೋಡಿಗಿಂತ ಆಳ. ಆದರೆ ನಿಂತ ನೀರು, ಎಳೆತವಿಲ್ಲ.

ಮೇಸ್ತ್ರಿ ಬಾನೆಟ್ ಎತ್ತಿದರು. ಫ್ಯಾನ್ ಬೆಲ್ಟ್ ಸಡಿಲಿಸಿ ಕಳಚಿದರು. ಫ್ಯಾನ್ ತಿರುಗುತ್ತಿದ್ದರೆ ನೀರನ್ನು ಎಂಜಿನ್ ಮೇಲೆಲ್ಲ ಎರಚುತ್ತದೆ. ಅದರ ಎಲೆಗಳು ನೀರಿನ ಒತ್ತಡಕ್ಕೆ ಬಾಗಿ ರೇಡಿಯೇಟರ್ ಸೀಳುವುದೂ ಉಂಟು. ಆಮೇಲೆ ಸ್ನಾರ್ಕೆಲ್ಲಿನ ಬಾಯಿಗೆ ಅಂಗೈ ಒತ್ತಿ ಮುಚ್ಚಿದರು. ಎಂಜಿನ್ ಉಸಿರುಗಟ್ಟಿ, ನಡುಗಿ, ನಿಂತುಹೋಗುವಷ್ಟರಲ್ಲಿ ಕೈ ತೆಗೆದರು. ಅದೇ ಪರೀಕ್ಷೆ. ಮೇಲಿನ ಬಾಯಿ ಮುಚ್ಚಿದಾಗ ಎಂಜಿನ್ ಸಾಯಬೇಕು. ಸಾಯದೆ ಓಡುತ್ತಿದ್ದರೆ ಕೆಳಗೆ ಎಲ್ಲೋ ಜೋಡಣೆ ಬಿಟ್ಟಿದೆ, ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಗಾಳಿ ಅಮುಕಿದರೆ ಅಮುಕುತ್ತದೆ, ನೀರು ಅಮುಕುವುದಿಲ್ಲ. ಸಿಲಿಂಡರಿನೊಳಗೆ ಒಂದು ಲೋಟ ನೀರು ಹೋದರೂ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಅಲ್ಲೇ ಮುಗಿಯುತ್ತದೆ.

ಕಾಲ ಕೆಳಗಿನ ರಬ್ಬರ್ ಬಿರಡೆಗಳನ್ನೂ ತೆಗೆದೆವು. ನೀರು ಒಳಗೆ ಬರಲಿ. ಒಳಗೆ ನೀರಿದ್ದರೆ ಜೀಪು ತೇಲುವುದಿಲ್ಲ, ಚಕ್ರ ನೆಲ ಬಿಡುವುದಿಲ್ಲ. ಅಕ್ಕ ಮಲಗಿದ್ದ ಹಲಗೆಯನ್ನು ಇನ್ನೊಂದು ಗೇಣು ಎತ್ತರಿಸಿ ಕಟ್ಟಿದೆವು.

ಇಳಿದೆವು.

ಬಂಪರ್ ಮುಳುಗಿತು. ದೀಪಗಳು ನೀರಿನ ಕೆಳಗೆ ಹಳದಿಯಾಗಿ ಉರಿದವು. ಕಾಲಿಗೆ ತಣ್ಣನೆ ನೀರು ಬಂತು, ಮಂಡಿಗೆ ಬಂತು. ಮುಂದೆ ತಮ್ಮನ ಬೆನ್ನು, ಅವನ ಮುಂದೆ ಗೂಟಗಳ ಸಾಲು. "ಬಲಕ್ಕ, ಅಣ್ಣಾ, ಬಲಕ್ಕ!" ಎಡಕ್ಕೆ ಹಳೆಯ ಬಾವಿಯಿತ್ತು. ಕ್ಲಚ್ಚಿನ ಮೇಲೆ ಕಾಲಿಡಬಾರದು, ಒತ್ತಿದರೆ ಪ್ಲೇಟಿನ ನಡುವೆ ನೀರು ಹೋಗಿ ಹಿಡಿತ ತಪ್ಪುತ್ತದೆ. ಗೇರ್ ಬದಲಿಸಬಾರದು. ನಿಲ್ಲಬಾರದು. ಸೈಲೆನ್ಸರ್ ನೀರಿನಡಿಯಲ್ಲಿ ಬುಳುಬುಳು ಎನ್ನುತ್ತಿತ್ತು. ಎಂಜಿನ್ ಓಡುವ ತನಕ ಅದು ನೀರನ್ನು ಹೊರಗೆ ತಳ್ಳುತ್ತದೆ. ನಿಂತರೆ ನೀರು ಒಳಗೆ ಬರುತ್ತದೆ, ಮತ್ತೆ ಸ್ಟಾರ್ಟ್ ಮಾಡುವ ಆಸೆ ಬೇಡ.

ಮುಂದಿನ ಎಡಚಕ್ರ ಒಂದು ಗುಂಡಿಗೆ ಬಿತ್ತು. ಬಾನೆಟ್ ಪೂರ್ತಿ ಮುಳುಗಿತು. ನೀರು ಮುಂಗಾಜಿಗೆ ಬಡಿಯಿತು. ದೀಪಗಳು ಆರಿದವು. ಪೂರ್ತಿ ಕತ್ತಲೆ. ಎಂಜಿನ್ನಿನ ಸದ್ದು ಕುಗ್ಗಿತು, ಇನ್ನೂ ಕುಗ್ಗಿತು. ನಾನು ಆಕ್ಸಿಲರೇಟರನ್ನು ಅದೇ ಮಟ್ಟದಲ್ಲಿ ಹಿಡಿದೆ. ಹೆಚ್ಚಿಸಲಿಲ್ಲ, ಇಳಿಸಲಿಲ್ಲ. ಕಿವಿಯ ಪಕ್ಕದಲ್ಲೇ ಸ್ನಾರ್ಕೆಲ್ ಸೊಂಯ್ಯೆಂದು ಗಾಳಿ ಎಳೆಯುತ್ತಿತ್ತು. ಹಿಂದೆ ಗಂಡ ರೇಣುಕಾಂಬೆಯ ಹೆಸರು ಕೂಗುತ್ತಿದ್ದ. ಚಕ್ರ ಏನನ್ನೋ ಹುಡುಕಿತು, ತಡವಿತು, ಕಚ್ಚಿತು. ಮೂತಿ ಎದ್ದಿತು. ಬಾನೆಟ್ಟಿನ ಮೇಲಿಂದ ನೀರು ಎರಡೂ ಕಡೆ ಸುರಿಯಿತು.

ಬ್ಯಾಟರಿಯ ಕರೆಂಟು ಎಲ್ಲೋ ಕಡಿದಿತ್ತು. ಪಂಪಿಗೆ ಅದು ಗೊತ್ತೇ ಆಗಲಿಲ್ಲ. ತಮ್ಮನ ಕೈಯ ಟಾರ್ಚನ್ನೇ ನೋಡುತ್ತ ನಡೆಸಿದೆ. ನೀರು ಮಂಡಿಗೆ ಇಳಿಯಿತು, ಹಿಮ್ಮಡಿಗೆ ಇಳಿಯಿತು. ಮಣ್ಣಿನ ದಿಣ್ಣೆ. ಟಾರು. ಬ್ರೇಕ್ ಒತ್ತಿದರೆ ಏನೂ ಇಲ್ಲ, ಡ್ರಮ್ಮುಗಳ ತುಂಬ ನೀರು. ಗೇರಿನಲ್ಲೇ ತಡೆದು, ಬ್ರೇಕನ್ನು ಮೆಲ್ಲನೆ ಒತ್ತಿ ಹಿಡಿದು, ಲೈನರ್ ಬಿಸಿಯಾಗಿ ಒಣಗುವ ತನಕ ಹಾಗೇ ಸಾಗಿದೆ. ತಿರುವಿನಲ್ಲಿ 108 ಎದುರು ಬಂತು. ಅವರು ಸ್ಟ್ರೆಚರ್ ಇಳಿಸುವಷ್ಟರಲ್ಲಿ ಅಕ್ಕ ಮತ್ತೆ ಕೇಳಿದಳು, ಎಮ್ಮೆ ಬಿಚ್ಚಿದರೇನು ಎಂದು. "ಬಿಚ್ಚೇವಿ ಅಕ್ಕಾ," ಎಂದ ತಮ್ಮ.

ಆನವಟ್ಟಿಯ ಆಸ್ಪತ್ರೆಯಲ್ಲಿ ಅವಳ ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ನೋಡಿದರು. ಹೆಪ್ಪುಗಟ್ಟಲಿಲ್ಲ. ವಿಷನಿರೋಧಕ ಏರಿಸಿದರು. ನಸುಕಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸಾಗಿಸಿದರು. ಮೂತ್ರಪಿಂಡ ಉಳಿಯಿತು, ಅವಳೂ ಉಳಿದಳು.

ಬೆಳಕು ಹರಿದಾಗ ಮೇಸ್ತ್ರಿ ಜೀಪಿನ ಅಡಿಯಲ್ಲಿದ್ದರು. ನಿದ್ದೆ ಮಾಡಿರಲಿಲ್ಲ. ನೀರಿಗಿಳಿದ ಗಾಡಿಯನ್ನು ಹಾಗೇ ನಿಲ್ಲಿಸಿದರೆ ಅದು ಒಳಗಿನಿಂದ ಸಾಯುತ್ತದೆ. ಮುಂದಿನ ಹೌಸಿಂಗಿನ ಬೋಲ್ಟು ಬಿಚ್ಚಿದರು: ಗೇರ್ ಆಯಿಲ್ ಕಪ್ಪಗೆ, ಶುದ್ಧ. ಹಿಂದಿನದನ್ನು ಬಿಚ್ಚಿದರು: ಬೆಳ್ಳಗೆ, ನೊರೆ. ನೀರು ಬೆರೆತಿತ್ತು.

ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಎಳೆಯುತ್ತದೆ. ಕಂಪನಿ ಕೊಟ್ಟ ಉಸಿರು ಕಿಂಡಿ ಹೌಸಿಂಗಿನ ಮೇಲೆಯೇ ಇರುತ್ತದೆ. ಅದು ಮುಳುಗಿದರೆ ಎಳೆಯುವುದು ನೀರನ್ನೇ. ಅದಕ್ಕೇ ಎರಡೂ ಹೌಸಿಂಗಿನಿಂದ ಡೀಸೆಲ್ ಪೈಪು ಎಳೆದು ಬಾನೆಟ್ಟಿನ ಒಳಗೆ ಎತ್ತರದಲ್ಲಿ ಕಟ್ಟಿದ್ದೆವು. ಹುದುಲಿನಲ್ಲಿ ತಿಕ್ಕಾಡಿದಾಗ ಹಿಂದಿನ ಪೈಪಿನ ಕ್ಲಿಪ್ ಹಾರಿಹೋಗಿತ್ತು.

"ಇದನ್ನ ಛಾಸಿ ಒಳಮೈಗೆ ತಗೋಬೇಕು, ಎರಡೆರಡು ಕ್ಲಿಪ್," ಎಂದರು ಮೇಸ್ತ್ರಿ. ಹೌಸಿಂಗನ್ನು ಡೀಸೆಲ್ಲಿನಲ್ಲಿ ತೊಳೆದರು, ಹೊಸ ಎಣ್ಣೆ ಹಾಕಿದರು. ಚಕ್ರದ ಬೇರಿಂಗುಗಳನ್ನು ಬಿಚ್ಚಿ ಹಳೆ ಗ್ರೀಸನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು. ನೀರು ಹೊಕ್ಕ ಗ್ರೀಸು ಬಿಳಿಚಿಕೊಂಡಿತ್ತು. ನಾಲ್ಕೂ ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸ ಗ್ರೀಸ್ ಇಟ್ಟು ಒತ್ತಿ ತುಂಬಿದರು. ಡ್ರಮ್ಮುಗಳೊಳಗೆ ಬಟ್ಟಲು ಬಟ್ಟಲು ಕೆಸರು. ಡೈನಮೋ ಬಿಚ್ಚಿ ಒಲೆಯ ಕಟ್ಟೆಯ ಮೇಲೆ ಒಣಗಲಿಟ್ಟೆವು.

ಅಷ್ಟರಲ್ಲಿ ಇನ್ನೊಂದು ಫೋನು. ಅದೇ ದಿಕ್ಕಿನ ಮತ್ತೊಂದು ಹಳ್ಳಿ. ಅಕ್ಕಿ, ಹಾಲಿನ ಪುಡಿ, ಸೀಮೆಎಣ್ಣೆ ತಲುಪಿಸಬೇಕು. ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಫೋನನ್ನೇ ಇಸಿದುಕೊಂಡರು.

"ಬ್ರೇಕು ಆಗೋ ತನಕ ಜೀಪು ಹೊರಡಂಗಿಲ್ಲ್ರೀ. ಮಧ್ಯಾಹ್ನ ಆಗ್ತೈತಿ. ತಡ ಆದ್ರೆ ತಡ. ಅಲ್ಲಿವರೆಗೆ ಟ್ರ್ಯಾಕ್ಟರ್ ಸಿಕ್ರೆ ಕಳಸ್ರಿ."

ಫೋನು ನನ್ನ ಕೈಗೆ ಕೊಟ್ಟು ಮತ್ತೆ ಅಡಿಗೆ ಸರಿದರು. ಲೈನರ್ ಉಜ್ಜಿ, ಸಿಲಿಂಡರಿನ ರಬ್ಬರ್ ಬದಲಿಸಿ, ಹೊಸ ಬ್ರೇಕ್ ಆಯಿಲ್ ತುಂಬಿದೆವು. ನಾನು ಪೆಡಲ್ ಒತ್ತಿ ಹಿಡಿದೆ, ಅವರು ಒಂದೊಂದೇ ಚಕ್ರದ ಗಾಳಿ ತೆಗೆದರು. ನಾಲ್ಕನೆಯದು ಮುಗಿದಾಗ ಪೆಡಲ್ ಕಲ್ಲಿನಷ್ಟು ಗಟ್ಟಿಯಾಗಿತ್ತು. ಅಕ್ಕಿ ಚೀಲ ಹೇರಲು ಹುಡುಗರನ್ನು ಕರೆದೆವು.